ಜನಜಂಗುಳಿಯ ನಡುವೆ ಜಲಪಾತದ ಫೋಟೋ: ಪದೇ ಪದೇ ಕೇಳುವ ಪ್ರಶ್ನೆಗಳು

ಹೆಸರಾದ ಜಲಪಾತಕ್ಕೆ ಕ್ಯಾಮೆರಾ ಹಿಡಿದು ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೂಡಿಸಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು. ಆದರೆ ಕಂಬಿ ದಾಟುವ ಬಗೆಗಿನ ಉತ್ತರವನ್ನು ಮಾತ್ರ ಯಾರೂ ಬಿಡಬೇಡಿ.

## ಮೊದಲ ಸಲ ಹೋಗುವವರಿಗೆ

ಯಾವ ಹೊತ್ತಿಗೆ ಹೋದ್ರೆ ಫೋಟೋ ಚೆನ್ನಾಗಿ ಬರುತ್ತೆ?

ಬೆಳಿಗ್ಗೆ ಬೇಗ. ಜನ ಕಡಿಮೆ, ಬೆಳಕು ಮೆತ್ತಗೆ, ಗಾಳಿಯೂ ಸಾಮಾನ್ಯವಾಗಿ ಕಡಿಮೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ನೊರೆ ಕಣ್ಣು ಕುಕ್ಕುವಷ್ಟು ಬೆಳ್ಳಗಾಗುತ್ತದೆ, ಪಕ್ಕದ ಬಂಡೆ ಕಪ್ಪಗಾಗುತ್ತದೆ. ಇವೆರಡನ್ನೂ ಒಂದೇ ಫೋಟೋದಲ್ಲಿ ಸರಿಯಾಗಿ ಹಿಡಿಯುವುದು ಯಾವ ಕ್ಯಾಮೆರಾಗೂ ಕಷ್ಟ.

ಹೋಗುವ ಮುಂಚೆ ನಕ್ಷೆ ನೋಡಿ, ಜಲಪಾತ ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ತಿಳಿದುಕೊಳ್ಳಿ. ಪೂರ್ವಕ್ಕೆ ಮುಖ ಮಾಡಿದ್ದರೆ ಬೆಳಿಗ್ಗೆಯೇ ನೇರ ಬಿಸಿಲು ಬೀಳುತ್ತದೆ, ಪಶ್ಚಿಮಕ್ಕಿದ್ದರೆ ಬೆಳಿಗ್ಗೆಯೆಲ್ಲ ನೆರಳು. ನೀರು ನಯವಾಗಿ ಇಳಿಯುವಂತೆ ಕಾಣಬೇಕಾದರೆ ನೆರಳಿನ ಹೊತ್ತು ಒಳ್ಳೆಯದು. ಕಾಮನಬಿಲ್ಲು ಬೇಕಾದರೆ ಬಿಸಿಲಿರಲೇಬೇಕು.

ಮೋಡ ಕವಿದ ದಿನ ಬೇಸರ ಮಾಡಿಕೊಳ್ಳಬೇಡಿ. ಇಡೀ ಕಣಿವೆಗೆ ಒಂದೇ ಸಮನಾದ ಬೆಳಕು ಸಿಗುತ್ತದೆ, ಎಲೆ ಬಂಡೆಗಳ ಬಣ್ಣ ಎದ್ದು ಕಾಣುತ್ತದೆ. ಬೆಳ್ಳನೆಯ ಆಕಾಶವನ್ನು ಚೌಕಟ್ಟಿನಿಂದ ಹೊರಗಿಟ್ಟರೆ ಆಯ್ತು.

ನನ್ನ ಹತ್ರ ಇರೋದು ಮೊಬೈಲ್ ಮಾತ್ರ. ಹಾಲು ಸುರಿದ ಹಾಗೆ ನೀರು ಬರುತ್ತಾ?

ಬರುತ್ತದೆ. ಐಫೋನಿನಲ್ಲಿ ಲೈವ್ ಫೋಟೋ ಆನ್ ಮಾಡಿ ತೆಗೆಯಿರಿ. ಆಮೇಲೆ ಆ ಫೋಟೋ ತೆರೆದು ಲಾಂಗ್ ಎಕ್ಸ್‌ಪೋಷರ್ ಆರಿಸಿದರೆ ನೀರು ನಯವಾಗುತ್ತದೆ. ಈ ಸೌಲಭ್ಯ 2017ರ ಐಓಎಸ್ 11ರಿಂದಲೂ ಇದೆ. ಹಲವು ಆಂಡ್ರಾಯ್ಡ್ ಫೋನುಗಳಲ್ಲೂ ಲಾಂಗ್ ಎಕ್ಸ್‌ಪೋಷರ್ ಮೋಡ್ ಇರುತ್ತದೆ. ಇಲ್ಲದಿದ್ದರೆ ಪ್ರೋ ಮೋಡ್‌ಗೆ ಹೋಗಿ ಶಟರ್ ಸ್ಪೀಡನ್ನು, ಅಂದರೆ ಬೆಳಕಿಗೆ ಶಟರ್ ಎಷ್ಟು ಹೊತ್ತು ತೆರೆದಿರಬೇಕು ಅನ್ನುವುದನ್ನು, ನಾವೇ ಇಡಬಹುದು. ಆದರೆ ಮೊಬೈಲ್ ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಲು ಸಾಮಾನ್ಯವಾಗಿ ಆಗುವುದಿಲ್ಲ. ಹಗಲಲ್ಲಿ ಶಟರ್ ಜಾಸ್ತಿ ಹೊತ್ತು ತೆರೆದರೆ ಎಲ್ಲಾ ಬೆಳ್ಳಗಾಗುತ್ತದೆ. ಅದಕ್ಕೇ ಪ್ರೋ ಮೋಡ್ ಕೈಕೊಡದಿರಬೇಕಾದರೆ ಮುಂಜಾನೆ, ಮುಸ್ಸಂಜೆ ಅಥವಾ ದಟ್ಟ ನೆರಳು ಬೇಕು.

ಎರಡೂ ಮೊಣಕೈಗಳನ್ನು ಎದೆಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು ತೆಗೆಯಿರಿ. ಒತ್ತುವ ಮೊದಲು ಲೆನ್ಸ್ ಒರೆಸಿ. ಮೊಬೈಲ್ ಫೋಟೋ ಮಬ್ಬಾಗಲು ಬೆರಳಿನ ಜಿಡ್ಡೇ ಕಾರಣವಾಗಿರುವುದು ಬಹಳ ಸಲ.

ಫೋಟೋದಲ್ಲಿ ನೀರು ಬರೀ ಬಿಳಿ ಮಚ್ಚೆ. ಎಳೆಗಳೇ ಕಾಣಲ್ಲ. ಯಾಕೆ?

ಕ್ಯಾಮೆರಾ ಇಡೀ ದೃಶ್ಯವನ್ನು ನಡುಮಟ್ಟದ ಹೊಳಪಿಗೆ ತರಲು ನೋಡುತ್ತದೆ. ಸುತ್ತಲೂ ಕಪ್ಪು ಬಂಡೆ, ದಟ್ಟ ಕಾಡು ಇದ್ದರೆ ‘ಇಲ್ಲಿ ಬೆಳಕು ಸಾಲದು’ ಎಂದುಕೊಂಡು ಹೊಳಪು ಏರಿಸುತ್ತದೆ. ಆಗ ಮೊದಲೇ ಬೆಳ್ಳಗಿದ್ದ ನೀರು ಸುಟ್ಟುಹೋಗುತ್ತದೆ.

ಎಕ್ಸ್‌ಪೋಷರ್ ಕಾಂಪೆನ್ಸೇಷನನ್ನು (ಫೋಟೋದ ಹೊಳಪು ಏರಿಳಿಸುವ ಸೆಟ್ಟಿಂಗ್) ಮೈನಸ್ 0.7 ಅಥವಾ ಮೈನಸ್ 1ಕ್ಕೆ ಇಳಿಸಿ. ಮೊಬೈಲಿನಲ್ಲಾದರೆ ನೀರಿನ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಹಿಸ್ಟೋಗ್ರಾಮ್ (ಕಪ್ಪು ಎಡಕ್ಕೆ, ಬಿಳಿ ಬಲಕ್ಕೆ ತೋರಿಸುವ ಹೊಳಪಿನ ನಕ್ಷೆ) ಇದ್ದರೆ ಅದರ ಬಲತುದಿ ಗೋಡೆಗೆ ಒತ್ತಿಕೊಳ್ಳದ ಹಾಗೆ ನೋಡಿಕೊಳ್ಳಿ. ಕಪ್ಪಾದ ಬಂಡೆಯಿಂದ ವಿವರ ಎಬ್ಬಿಸಬಹುದು, ಪೂರ್ತಿ ಬಿಳಿಯಾದ ನೀರಿನಿಂದ ಏನೂ ಸಿಗುವುದಿಲ್ಲ.

ಎದುರಿಗೆ ನಿಂತಾಗ ಅಷ್ಟು ದೊಡ್ಡದು, ಫೋಟೋದಲ್ಲಿ ಯಾಕೆ ಇಷ್ಟು ಸಣ್ಣದು?

ಫೋಟೋದಲ್ಲಿ ಭೋರ್ಗರೆತ ಇಲ್ಲ, ಮುಖಕ್ಕೆ ಬಡಿಯುವ ತಣ್ಣನೆ ಗಾಳಿಯೂ ಇಲ್ಲ. ಎತ್ತರ ಅಳೆಯಲು ಕಣ್ಣಿಗೆ ಏನಾದರೂ ಆಧಾರ ಬೇಕು. ಒಂದು ಮರ, ಒಂದು ಸೇತುವೆ, ಕೆಳಗೆ ನಿಂತ ಒಬ್ಬ ಮನುಷ್ಯ ಇದ್ದರೂ ಸಾಕು. ಜೊತೆಗೆ, ವೈಡ್ ಲೆನ್ಸ್ ಹತ್ತಿರದ್ದನ್ನು ಹಿಗ್ಗಿಸಿ ದೂರದ್ದನ್ನು ಕುಗ್ಗಿಸುತ್ತದೆ. ಹಿಂದೆ ಸರಿದು ಜೂಮ್ ಮಾಡಿ ತೆಗೆದು ನೋಡಿ. ನೀರಿನ ಗೋಡೆ ಜನರ ಹಿಂದೆಯೇ ಎದ್ದು ನಿಂತ ಹಾಗೆ ಬರುತ್ತದೆ.

## ಶಟರ್, ಫಿಲ್ಟರ್, ಬೆಳಕು

ಶಟರ್ ಸ್ಪೀಡ್ ಎಷ್ಟಿಡಬೇಕು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಎಲ್ಲರೂ ಸರಿಯಾಗಿಯೇ ಹೇಳಿರುತ್ತಾರೆ. ಅವರವರು ನೋಡಿದ ನೀರು ಬೇರೆ, ಅಷ್ಟೇ.

ಒಂದು ಲೆಕ್ಕ ಮಾಡೋಣ. 20 ಮೀಟರ್ ಎತ್ತರದಿಂದ ಬಿದ್ದ ನೀರು, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ತಳ ಮುಟ್ಟುವಾಗ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿರುತ್ತದೆ. 1/1000 ಸೆಕೆಂಡಿನಲ್ಲಿ ಅದು ಬರೀ 2 ಸೆಂಟಿಮೀಟರ್ ಸರಿಯುತ್ತದೆ. ದೂರದಿಂದ ನೋಡಿದರೆ ಹನಿ ಹನಿಯೂ ನಿಂತಂತೆ ಕಾಣುತ್ತದೆ. 1/4 ಸೆಕೆಂಡಿನಲ್ಲಿ ಅದೇ ನೀರು 5 ಮೀಟರ್ ಇಳಿದಿರುತ್ತದೆ, ಹಾಗಾಗಿ ಉದ್ದನೆಯ ಎಳೆಯಾಗಿ ಮೂಡುತ್ತದೆ. 5 ಸೆಕೆಂಡ್ ತೆರೆದಿಟ್ಟರೆ ಅಷ್ಟರಲ್ಲಿ ಎಷ್ಟೋ ಅಲೆ ಒಂದರ ಮೇಲೊಂದು ಬಂದು ಹೋಗಿರುತ್ತವೆ. ಉಳಿಯುವುದು ಬರೀ ಬಿಳಿ ಪರದೆ.

ಇದರಿಂದ ನನಗೆ ಅನಿಸುವುದು ಹೀಗೆ. ಮಳೆಗಾಲದಲ್ಲಿ ತುಂಬಿ ಅಬ್ಬರಿಸುವ ನೀರಿಗೆ 1/500ರಿಂದ 1/2000. ಅದರ ಜೋರನ್ನು ಹಾಲಿನಂತೆ ನಯ ಮಾಡಿದರೆ ಇದ್ದ ಶಕ್ತಿಯೇ ಹೋಗುತ್ತದೆ. ಬಂಡೆಯಿಂದ ಬಂಡೆಗೆ ಹಾರುತ್ತಾ ಇಳಿಯುವ ಸಾಧಾರಣ ಧಾರೆಗೆ 1/8ರಿಂದ 1/2 ಸೆಕೆಂಡ್. ಇಲ್ಲಿ ನಯವೂ ಇರುತ್ತದೆ, ಎಳೆಗಳೂ ಉಳಿಯುತ್ತವೆ. ಬೇಸಿಗೆಯ ತೆಳು ಧಾರೆಗೆ 1ರಿಂದ 2 ಸೆಕೆಂಡ್ ಕೊಡಬಹುದು, ಇಲ್ಲದಿದ್ದರೆ ಅದು ಕಾಣುವುದೇ ಇಲ್ಲ. ಹತ್ತಿರ ನಿಂತಾಗ ನೀರು ಚೌಕಟ್ಟನ್ನು ಬೇಗ ದಾಟುತ್ತದೆ, ದೂರದ ಎತ್ತರದ ಜಲಪಾತ ನಿಧಾನಕ್ಕೆ ಇಳಿದಂತೆ ಕಾಣುತ್ತದೆ. ಆದ್ದರಿಂದ ದೂರ ಹೋದಷ್ಟೂ ಅದೇ ನಯಕ್ಕೆ ಜಾಸ್ತಿ ಸಮಯ ಬೇಕು.

ನೀರನ್ನು ನಯ ಮಾಡಲೇಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ಮೊದಲು ಐದು ನಿಮಿಷ ಕ್ಯಾಮೆರಾ ಚೀಲದಲ್ಲೇ ಇಟ್ಟು ನೀರನ್ನು ನೋಡಿ. ಅದು ಅಬ್ಬರಿಸುತ್ತಿದೆಯಾ, ಜಾರುತ್ತಿದೆಯಾ, ಗಾಳಿಗೆ ಚೆದುರುತ್ತಿದೆಯಾ? ಶಟರ್ ಸ್ಪೀಡ್ ಅಲ್ಲಿಂದ ಹುಟ್ಟಬೇಕು.

ಹಗಲಲ್ಲಿ ಅಷ್ಟು ಹೊತ್ತು ಶಟರ್ ತೆರೆದ್ರೆ ಎಲ್ಲಾ ಬೆಳ್ಳಗಾಗುತ್ತೆ. ಎನ್‌ಡಿ ಫಿಲ್ಟರ್ ಬೇಕೇ ಬೇಕಾ?

ಎನ್‌ಡಿ ಅಂದರೆ ಲೆನ್ಸಿನ ಮುಂದೆ ಹಾಕುವ, ಬೆಳಕು ಕಡಿಮೆ ಮಾಡುವ ಕಪ್ಪು ಗಾಜು. ಮೊದಲು ಫಿಲ್ಟರ್ ಇಲ್ಲದೆ ಆಗುವುದನ್ನು ಮಾಡಿ. ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು, 100ಕ್ಕೆ ಇಳಿಸಿ. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿಯನ್ನು, ಎಫ್/11ಕ್ಕೆ ಒಯ್ಯಿರಿ (ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು). ದಟ್ಟ ಕಾಡಿನ ನೆರಳಿನಲ್ಲಿ ಇಷ್ಟಕ್ಕೇ 1/4 ಸೆಕೆಂಡ್ ಸಿಗುವುದುಂಟು. ಸಾಲಲಿಲ್ಲ ಅಂತ ಎಫ್/22ಕ್ಕೆ ಹೋಗಬೇಡಿ. ಕಿಂಡಿ ತೀರಾ ಕಿರಿದಾದರೆ ಬೆಳಕು ಅಂಚಿನಲ್ಲಿ ಬಾಗಿ ಹರಡಿ, ಇಡೀ ಫೋಟೋದ ಚೂಪು ಹೋಗುತ್ತದೆ.

ಬಯಲಿನ ಬೆಳಕಿನಲ್ಲಿ ಫಿಲ್ಟರ್ ಬೇಕೇ ಬೇಕು. ಒಂದನ್ನೇ ಕೊಳ್ಳುವುದಾದರೆ 6 ಸ್ಟಾಪಿನದು, ಅಂದರೆ ಎನ್‌ಡಿ 64. ಒಂದೊಂದು ಸ್ಟಾಪಿಗೂ ಬೆಳಕು ಅರ್ಧ ಆಗುವುದರಿಂದ ಅದು ಬೆಳಕನ್ನು 64 ಪಟ್ಟು ಕಡಿಮೆ ಮಾಡುತ್ತದೆ. ಫಿಲ್ಟರ್ ಇಲ್ಲದೆ 1/60 ಬಂದಿದ್ದರೆ, ಹಾಕಿದ ಮೇಲೆ ಸುಮಾರು 1 ಸೆಕೆಂಡ್. 3 ಸ್ಟಾಪಿನ ಎನ್‌ಡಿ 8 ಹಾಕಿದರೆ ಅದೇ 1/60 ಹೋಗಿ ಸುಮಾರು 1/8 ಆಗುತ್ತದೆ. 10 ಸ್ಟಾಪಿನ ಎನ್‌ಡಿ 1000 ಹಾಕಿದರೆ 16 ಸೆಕೆಂಡಿನ ಹತ್ತಿರ ಹೋಗುತ್ತದೆ, ಜಲಪಾತಕ್ಕೆ ಅಷ್ಟು ಬೇಕಾಗುವುದು ಅಪರೂಪ. ಗಾಳಿಗೆ ಅಲುಗುವ ಎಲೆಗಳೂ ಅಷ್ಟು ಹೊತ್ತಿನಲ್ಲಿ ಮಸುಕಾಗಿಬಿಡುತ್ತವೆ.

ದಪ್ಪ ಫಿಲ್ಟರ್ ಹಾಕಿದ ಮೇಲೆ ಫೋಕಸ್ ತಡಕಾಡುವುದುಂಟು. ಮೊದಲೇ ಫೋಕಸ್ ಮಾಡಿ ಮ್ಯಾನ್ಯುಯಲ್‌ಗೆ ಬದಲಿಸಿ, ಆಮೇಲೆ ಫಿಲ್ಟರ್ ಹಾಕಿ.

ಪೋಲರೈಸರ್‌ನಿಂದ ಏನು ಲಾಭ?

ಲೆನ್ಸಿನ ಮುಂದೆ ಹಾಕಿ ತಿರುಗಿಸುವ ಈ ಫಿಲ್ಟರ್ ಒದ್ದೆ ಬಂಡೆ, ಒದ್ದೆ ಎಲೆಗಳ ಮೇಲಿನ ಬಿಳಿ ಹೊಳಪನ್ನು ತೆಗೆದುಬಿಡುತ್ತದೆ. ಅಡಗಿದ್ದ ಹಸಿರು, ಬಂಡೆಯ ಕಂದು, ತಿಳಿಗೊಳದ ತಳದ ಕಲ್ಲು ಎಲ್ಲಾ ಮೇಲೆ ಬರುತ್ತವೆ. ಇದನ್ನು ಎಡಿಟ್ ಮಾಡಿ ತರುವುದು ತುಂಬಾ ಕಷ್ಟ, ಅದಕ್ಕೆ ನನ್ನ ಚೀಲದಲ್ಲಿ ಎನ್‌ಡಿಗಿಂತ ಮೊದಲ ಜಾಗ ಇದಕ್ಕೆ. ಜೊತೆಗೆ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕನ್ನೂ ತಡೆಯುವುದರಿಂದ ಶಟರ್ ನಿಧಾನ ಮಾಡಲು ನೆರವಾಗುತ್ತದೆ.

ಎಚ್ಚರ ಬೇಕಾದದ್ದು ಒಂದೇ ಕಡೆ. ಕಾಮನಬಿಲ್ಲಿನ ಬೆಳಕು ಪೋಲರೈಸ್ ಆಗಿರುತ್ತದೆ, ಅಂದರೆ ಅದರ ಕಂಪನ ಬಹುಪಾಲು ಒಂದೇ ದಿಕ್ಕಿನಲ್ಲಿರುತ್ತದೆ. ಫಿಲ್ಟರನ್ನು ಒಂದು ಕಡೆಗೆ ತಿರುಗಿಸಿದರೆ ಬಿಲ್ಲು ಗಾಢವಾಗುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ ಮಾಯವಾಗುತ್ತದೆ. ನಿಧಾನಕ್ಕೆ ತಿರುಗಿಸುತ್ತಾ ಕಣ್ಣಿಟ್ಟು ನೋಡಿ.

ಪಕ್ಕದವರ ಫೋಟೋದಲ್ಲಿ ಕಾಮನಬಿಲ್ಲು ಇದೆ, ನನ್ನದರಲ್ಲಿಲ್ಲ. ಎಲ್ಲಿ ನಿಲ್ಲಬೇಕು?

ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿ. ನಿಮ್ಮ ತಲೆಯ ನೆರಳು ಬೀಳುವ ದಿಕ್ಕಿನಿಂದ ಸುಮಾರು 42 ಡಿಗ್ರಿ ಕೋನದಲ್ಲಿ, ಅದರ ಸುತ್ತ ಬಿಲ್ಲು ಮೂಡುತ್ತದೆ. ಅಲ್ಲಿ ತುಂತುರು ಇರಬೇಕು, ಅದರ ಮೇಲೆ ಬಿಸಿಲೂ ಬೀಳಬೇಕು. ಸೂರ್ಯ 42 ಡಿಗ್ರಿಗಿಂತ ಮೇಲೇರಿದರೆ ಬಿಲ್ಲು ನಿಮ್ಮ ಕಣ್ಣಿನ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಆಗ ತಳದಲ್ಲಿ ನಿಂತವರಿಗೆ ಕಾಣುವುದು ಕಷ್ಟ, ಮೇಲಿನ ವ್ಯೂಪಾಯಿಂಟಿನಿಂದ ಕಣಿವೆಗೆ ಇಣುಕುವವರಿಗೆ ಕಾಣುತ್ತದೆ. ಪ್ರತಿಯೊಬ್ಬರಿಗೂ ಬಿಲ್ಲು ಅವರವರು ನಿಂತ ಜಾಗಕ್ಕೆ ತಕ್ಕಂತೆ ಕಾಣುವುದರಿಂದ, ಸಿಗದಿದ್ದರೆ ಕೆಲವು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ.

## ಜನ, ತುಂತುರು, ಕಂಬಿ

ಯಾವ ಕಡೆ ತಿರುಗಿಸಿದ್ರೂ ಜನಾನೇ. ಏನು ಮಾಡ್ಲಿ?

ಇದು ಹೊಸ ಸಮಸ್ಯೆಯೇನಲ್ಲ. ನಯಾಗರಾದ ಮೊದಲ ಫೋಟೋಗಳು 1840ರಷ್ಟು ಹಿಂದಿನವು. 1853ರಿಂದ ಪ್ಲಾಟ್ ಬ್ಯಾಬಿಟ್ ಎಂಬ ಛಾಯಾಗ್ರಾಹಕ ಅಮೆರಿಕದ ಬದಿಯ ಪ್ರಾಸ್ಪೆಕ್ಟ್ ಪಾಯಿಂಟಿನಲ್ಲಿ ಕ್ಯಾಮೆರಾ ಹೂಡಿಕೊಂಡಿದ್ದ. ಅಂಚಿನಲ್ಲಿ ನಿಂತು ಜಲಪಾತ ನೋಡುವ ಪ್ರವಾಸಿಗರನ್ನು ನೀರಿನ ಜೊತೆಗೇ ಸೆರೆಹಿಡಿದು ಅವರಿಗೇ ಮಾರುತ್ತಿದ್ದ. ಆ ಚಿತ್ರಗಳು ಇವತ್ತಿಗೂ ಚೆಂದ ಕಾಣುವುದು ಅದರಲ್ಲಿರುವ ಜನರಿಂದಲೇ. ನೀರಿನ ಮುಂದೆ ಮೈಮರೆತು ನಿಂತವರ ಬೆನ್ನು, ಕೊಡೆ, ಟೋಪಿ. ಅದಕ್ಕೇ ನಾನು ಮೊದಲು ಹೇಳುವುದು, ಜನರನ್ನೂ ಫೋಟೋಕ್ಕೆ ಕರೆದುಕೊಳ್ಳಿ. ಗಾಢ ಬಣ್ಣದ ರೇನ್‌ಕೋಟ್ ತೊಟ್ಟ ಒಬ್ಬರು ಸಿಕ್ಕರೆ ಇಡೀ ಚಿತ್ರಕ್ಕೆ ಒಂದು ನೆಲೆ ಸಿಗುತ್ತದೆ. ಗುರುತು ಸಿಗುವ ಹಾಗೆ ಮುಖ ಬರುವುದಾದರೆ ಒಂದು ಮಾತು ಕೇಳಿ. ಮಕ್ಕಳಾದರೆ ಅವರ ಮನೆಯವರನ್ನು ಕೇಳಲೇಬೇಕು. ನೀರಿಗಿಳಿದು ಸ್ನಾನ ಮಾಡುತ್ತಿರುವವರ ಕಡೆ ಕ್ಯಾಮೆರಾ ಬೇಡ.

ಜನ ಬೇಡವೇ ಬೇಡ ಅನ್ನುವುದಾದರೆ ಎರಡು ದಾರಿ. ಜೂಮ್ ಲೆನ್ಸಿನಲ್ಲಿ ಜನರ ತಲೆಗಿಂತ ಮೇಲಿನ ಭಾಗವನ್ನಷ್ಟೇ ಹಿಡಿಯಿರಿ. ಇಲ್ಲವೇ ಟ್ರೈಪಾಡ್ ಇಟ್ಟು ಕೆಲವು ಸೆಕೆಂಡಿಗೊಂದರಂತೆ ಹದಿನೈದಿಪ್ಪತ್ತು ಫೋಟೋ ತೆಗೆದು, ಫೋಟೋಶಾಪ್‌ನಂಥ ತಂತ್ರಾಂಶದಲ್ಲಿ ಮೀಡಿಯನ್ ಸ್ಟ್ಯಾಕ್ ಮಾಡಿ. ಹೆಚ್ಚಿನ ಫೋಟೋಗಳಲ್ಲಿ ಒಂದೇ ಥರ ಇರುವುದಷ್ಟೇ ಉಳಿದು, ಓಡಾಡಿದವರು ಅಳಿಸಿಹೋಗುತ್ತಾರೆ. ಒಂದೇ ಕಡೆ ಕೂತವರು ಮಾತ್ರ ಹೋಗುವುದಿಲ್ಲ.

ಟ್ರೈಪಾಡ್ ಇಡೋಕೆ ಬಿಡಲ್ಲ, ಬಿಟ್ರೂ ಜಾಗ ಇಲ್ಲ. ಕೈಯಲ್ಲೇ ಹಿಡಿದು ತೆಗೆಯಬಹುದಾ?

ತೆಗೆಯಬಹುದು. ಈಗಿನ ಹಲವು ಕ್ಯಾಮೆರಾಗಳ ಬಾಡಿಯಲ್ಲೇ ಅಲುಗಾಟ ತಡೆಯುವ ವ್ಯವಸ್ಥೆ ಇದೆ. ವೈಡ್ ಲೆನ್ಸಿನಲ್ಲಿ 1/4 ಸೆಕೆಂಡನ್ನು ಕೈಯಲ್ಲೇ ಹಿಡಿಯಲು ಸಾಧ್ಯ. ಒಂದೇ ಸಲಕ್ಕೆ ಐದಾರು ತೆಗೆದರೆ ಒಂದಾದರೂ ಚೂಪಾಗಿರುತ್ತದೆ.

ಇನ್ನೊಂದು ಉಪಾಯ ನನಗೆ ತುಂಬಾ ಇಷ್ಟ. 1/15ರಲ್ಲಿ ಎಡೆಬಿಡದೆ 30 ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹೊಂದಿಸಿ ಸರಾಸರಿ ಮಾಡಿ. 2 ಸೆಕೆಂಡ್ ಶಟರ್ ತೆರೆದಿಟ್ಟಷ್ಟು ನಯ ಬರುತ್ತದೆ. ಫಿಲ್ಟರೂ ಬೇಡ, ಟ್ರೈಪಾಡೂ ಬೇಡ, ಫೋಟೋದ ಕಾಳು ಕಾಳು ಕೂಡ ಕಡಿಮೆಯಾಗುತ್ತದೆ.

ಕಂಬಿಯ ಮೇಲೆ ಕ್ಯಾಮೆರಾ ಊರುವುದಾದರೆ ಪಟ್ಟಿ ಕೊರಳಲ್ಲೇ ಇರಲಿ. ಜನ ಒರಗಿದಾಗೆಲ್ಲ ಕಂಬಿ ನಡುಗುತ್ತದೆ, ಯಾರೂ ಮುಟ್ಟದ ಗಳಿಗೆ ನೋಡಿ ಒತ್ತಿ. ಟ್ರೈಪಾಡ್ ಇಡಲು ಬಿಡುವ ಕಡೆಯೂ ದಾರಿಗೆ ಅಡ್ಡ ಇಡಬೇಡಿ. ತೆಗೆದ ಮೇಲೆ ಜಾಗ ಬಿಟ್ಟುಕೊಡಿ, ಹಿಂದೆ ಕಾಯುವವರೂ ದೂರದಿಂದಲೇ ಬಂದಿರುತ್ತಾರೆ ಅಲ್ವಾ?

ತುಂತುರಿಗೆ ಲೆನ್ಸ್ ಒದ್ದೆಯಾಗ್ತಾನೇ ಇರುತ್ತೆ. ಒರೆಸಿ ಒರೆಸಿ ಸಾಕಾಯ್ತು.

ಎಲ್ಲಾ ಸೆಟ್ಟಿಂಗ್ ಮುಗಿಯುವವರೆಗೂ ಲೆನ್ಸನ್ನು ನೀರಿಗೆ ಬೆನ್ನು ಮಾಡಿ ಇಟ್ಟುಕೊಳ್ಳಿ ಅಥವಾ ಬಟ್ಟೆ ಮುಚ್ಚಿರಿ. ಗಾಳಿ ಬೀಸುವ ರೀತಿ ಗಮನಿಸಿ, ಅದು ಬೇರೆ ಕಡೆ ತಿರುಗಿದ ಕೂಡಲೇ ಒರೆಸಿ, ತಕ್ಷಣ ಒತ್ತಿ. ಮೈಕ್ರೋಫೈಬರ್ ಬಟ್ಟೆ ಒಂದು ಸಾಲದು, ಮೂರ್ನಾಲ್ಕು ಇರಲಿ. ಒದ್ದೆಯಾದದ್ದು ಬೇರೆ ಜೇಬಿಗೆ ಹೋಗಲಿ. ಮುಂದೆ ಸಾದಾ ಯುವಿ ಫಿಲ್ಟರ್ ಇದ್ದರೆ ಧೈರ್ಯವಾಗಿ ಒರೆಸಬಹುದು.

ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಮಂಜಾಗುವುದು ಬೇರೆ ವಿಷಯ. ತಣ್ಣಗಿನ ಗಾಜಿನ ಮೇಲೆ ಹೊರಗಿನ ತೇವ ಕೂರುತ್ತದೆ. ಕ್ಯಾಮೆರಾವನ್ನು ಚೀಲದಲ್ಲೇ ಬಿಟ್ಟು ಹೊರಗಿನ ಶಾಖಕ್ಕೆ ಹೊಂದಲು ಬಿಡಿ. ಮನೆಗೆ ಬಂದ ಮೇಲೆ ಒದ್ದೆ ಚೀಲದಲ್ಲಿ ಮುಚ್ಚಿಡಬೇಡಿ, ಲೆನ್ಸಿನೊಳಗೆ ಬೂಸ್ಟು ಹಿಡಿಯುತ್ತದೆ.

ಕಂಬಿ ದಾಟಿ ಸ್ವಲ್ಪ ಮುಂದೆ ಹೋದ್ರೆ ಒಳ್ಳೇ ಆಂಗಲ್ ಇದೆ. ತುಂಬಾ ಜನ ಹೋಗ್ತಾರೆ. ನಾನೂ ಹೋಗ್ಲಾ?

ಬೇಡ. ದಯವಿಟ್ಟು ಬೇಡ.

ತುಂತುರು ಬೀಳುವ ಬಂಡೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳು ಪಾಚಿ ಇರುತ್ತದೆ, ಒಣಗಿದಂತೆ ಕಂಡರೂ ಜಾರುತ್ತದೆ. ಕ್ಯಾಮೆರಾ ನೋಡುತ್ತಿರುವವರ ಕಣ್ಣು ಕಾಲಿನ ಮೇಲೆ ಇರುವುದಿಲ್ಲ. ಸೆಲ್ಫಿ ತೆಗೆಯುವವರಂತೂ ಅಂಚಿಗೆ ಬೆನ್ನು ಮಾಡಿ, ಚೌಕಟ್ಟು ಹಿಗ್ಗಿಸಲು ಹಿಂದಕ್ಕೇ ಹೆಜ್ಜೆ ಇಡುತ್ತಾರೆ. ಕೆಳಗಿನ ಗುಂಡಿ ಶಾಂತವಾಗಿ ಕಂಡರೂ ಬೀಳುವ ನೀರು ಒಳಗೆ ಸುಳಿ ಎಬ್ಬಿಸುತ್ತಿರುತ್ತದೆ. ನೊರೆತುಂಬಿದ ನೀರಿನಲ್ಲಿ ಗಾಳಿ ಬೆರೆತಿರುವುದರಿಂದ ಈಜು ಬಲ್ಲವರೂ ಸುಲಭಕ್ಕೆ ತೇಲುವುದಿಲ್ಲ.

ತಳದಲ್ಲಿ, ಹೊಳೆಯ ಪಾತ್ರದಲ್ಲಿ ನಿಂತವರಿಗೆ ಇನ್ನೊಂದು ಅಪಾಯವಿದೆ. ಇಲ್ಲಿ ಬಿಸಿಲಿದ್ದರೂ ಮೇಲೆಲ್ಲೋ ಮಳೆಯಾದರೆ ನೀರು ದಿಢೀರನೆ ಏರುತ್ತದೆ. ತಿಳಿನೀರು ಕೆಂಪಗಾಗುವುದು, ಕಡ್ಡಿ ಎಲೆಗಳು ತೇಲಿಬರುವುದು, ಭೋರ್ಗರೆತದ ಸದ್ದು ಬದಲಾಗುವುದು ಅದರ ಸೂಚನೆಗಳು. ಒಂದು ಕಂಡರೂ ಸಾಕು, ಟ್ರೈಪಾಡ್ ಮಡಚುತ್ತಾ ಕೂರದೆ ಮೇಲಕ್ಕೆ ಹತ್ತಿ. ಮೇಲ್ಗಡೆ ಅಣೆಕಟ್ಟು ಇರುವ ಕಡೆ ಸೈರನ್ ಅಂದರೆ ಏನು, ಯಾವ ದಾರಿಯಲ್ಲಿ ಹತ್ತಬೇಕು ಅಂತ ಹೋದ ತಕ್ಷಣ ಅಲ್ಲಿನ ಕಾವಲುಗಾರರನ್ನು ಕೇಳಿಟ್ಟುಕೊಳ್ಳಿ.

ಡ್ರೋನ್ ಹಾರಿಸಬಹುದಾ?

ಹೆಚ್ಚಿನ ಹೆಸರಾದ ಜಾಗಗಳಲ್ಲಿ ಇಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದಲೇ ನಿಷೇಧ ಇದೆ. ಬಂಡೆಯ ಸಂದುಗಳಲ್ಲಿ ಗೂಡು ಕಟ್ಟುವ ಹಕ್ಕಿಗಳು ಬೆದರುತ್ತವೆ, ಕೆಳಗೆ ಜನ ಇರುತ್ತಾರೆ. ಬರವಣಿಗೆಯಲ್ಲಿ ಅನುಮತಿ ಇಲ್ಲದೆ ಹಾರಿಸಬೇಡಿ.

## ಇನ್ನೂ ಮುಂದೆ ಹೋಗುವವರಿಗೆ

ಚಿತ್ರದಲ್ಲಿ ನೋಡಿದಷ್ಟು ನೀರೇ ಇರಲಿಲ್ಲ. ಯಾವಾಗ ಹೋಗಬೇಕಿತ್ತು?

ಮಳೆಗಾಲವಾ, ಹಿಮ ಕರಗುವ ಕಾಲವಾ ಅನ್ನುವುದು ಊರಿಂದ ಊರಿಗೆ ಬದಲಾಗುತ್ತದೆ. ಆದರೆ ಹಲವು ದೊಡ್ಡ ಜಲಪಾತಗಳಲ್ಲಿ ನೀರನ್ನು ಮನುಷ್ಯರೇ ಹಿಡಿದಿಟ್ಟು ಬಿಡುತ್ತಾರೆ. ಜೋಗದ ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ಇದೆ. ನಯಾಗರಾದಲ್ಲಂತೂ ಇದು ಗಡಿಯಾರದ ಲೆಕ್ಕ. 1950ರಲ್ಲಿ ಅಮೆರಿಕ ಮತ್ತು ಕೆನಡಾ ಮಾಡಿಕೊಂಡ ಒಪ್ಪಂದದ ಪ್ರಕಾರ ಪ್ರವಾಸಿ ಕಾಲದ ಹಗಲಲ್ಲಿ ಸೆಕೆಂಡಿಗೆ ಕಡಿಮೆಯೆಂದರೆ 1,00,000 ಘನ ಅಡಿ ನೀರು ಧುಮುಕಬೇಕು. ರಾತ್ರಿ ಮತ್ತು ಚಳಿಗಾಲದಲ್ಲಿ ಅದರ ಅರ್ಧ ಸಾಕು, ಉಳಿದದ್ದನ್ನು ವಿದ್ಯುತ್ತಿಗೆ ತಿರುಗಿಸಬಹುದು. ಆದ್ದರಿಂದ ನೀವು ಹೋಗುವ ಜಲಪಾತದ ಮೇಲ್ಗಡೆ ಏನಿದೆ ಅಂತ ಮೊದಲೇ ನೋಡಿಕೊಳ್ಳಿ.

ನೀರು ತುಂಬಿದಷ್ಟೂ ಒಳ್ಳೆಯದು ಅಂತಲೂ ಇಲ್ಲ. ತೀರಾ ತುಂಬಿದಾಗ ತುಂತುರಿನ ಮೋಡ ಇಡೀ ಜಲಪಾತವನ್ನೇ ಮುಚ್ಚುತ್ತದೆ. ಆಫ್ರಿಕಾದ ವಿಕ್ಟೋರಿಯಾ ಜಲಪಾತದಲ್ಲಿ ನೀರು ಉಕ್ಕುವ ತಿಂಗಳುಗಳಲ್ಲಿ ಎದುರಿನ ಹಾದಿಯಲ್ಲಿ ನಿಂತವರಿಗೆ ಬಿಳಿ ಮಬ್ಬೇ ಕಾಣುವುದುಂಟು. ಅಬ್ಬರ ತುಸು ಇಳಿದ ವಾರಗಳು ನನ್ನ ಆಯ್ಕೆ. ಆಗ ಬಂಡೆಯ ಮೈಯೂ ಕಾಣುತ್ತದೆ, ಧಾರೆಗಳೂ ಬೇರೆ ಬೇರೆಯಾಗಿ ಬೀಳುತ್ತವೆ.

ಇದೇ ಜಾಗದ ಸಾವಿರಾರು ಫೋಟೋ ಆಗಲೇ ಇವೆ. ನಾನು ಹೊಸದೇನು ತೆಗೆಯಲಿ?

ಆ ಹೆಸರಾದ ಫೋಟೋವನ್ನು ಮೊದಲು ತೆಗೆದುಬಿಡಿ. ಆಸೆ ತೀರುತ್ತದೆ, ಆಮೇಲೆ ಕಣ್ಣು ಬೇರೆ ಕಡೆ ಹೋಗುತ್ತದೆ. ಜೂಮ್ ಲೆನ್ಸ್ ಹಾಕಿ ಜಲಪಾತದೊಳಗೆ ಹುಡುಕಿ. ನೀರು ಅಂಚಿನಿಂದ ಬಾಗುವ ಗಾಜಿನಂಥ ತಿರುವು, ಧಾರೆ ಬಂಡೆಗೆ ಬಡಿದು ಸಿಡಿಯುವ ಒಂದು ಮೂಲೆ, ಎರಡು ಧಾರೆಗಳ ನಡುವಿನ ಹಸಿರು ಪಟ್ಟಿ, ನೀರಿನ ಮುಂದೆ ಹಾರುವ ಹಕ್ಕಿ. ದಕ್ಷಿಣ ಅಮೆರಿಕದ ಇಗುವಾಸು ಜಲಪಾತದಲ್ಲಿ ಬಾನಾಡಿ (ಸ್ವಿಫ್ಟ್) ಎಂಬ ಹಕ್ಕಿಗಳು ಧಾರೆಯನ್ನು ಸೀಳಿಕೊಂಡು ಹೋಗಿ ಹಿಂದಿನ ಬಂಡೆಗೆ ಅಂಟಿಕೊಳ್ಳುತ್ತವೆ. ಅವಕ್ಕೆ ಅದೇ ಮನೆ. ಅಂಥ ಒಂದು ಫೋಟೋಕ್ಕೆ 1/1000 ಸೆಕೆಂಡ್ ಮತ್ತು ಒಂದು ತಾಳ್ಮೆಯ ಮಧ್ಯಾಹ್ನ ಬೇಕು.

ಬೆಳಕು ಒಂದೇ ಗಳಿಗೆ ಬದಲಾಗುವ ಜಾಗಗಳೂ ಇವೆ. ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿರುವ ಹಾರ್ಸ್‌ಟೇಲ್ ಜಲಪಾತ ವರ್ಷದ ಹೆಚ್ಚು ಕಾಲ ಒಣಗಿರುತ್ತದೆ. ಫೆಬ್ರವರಿಯ ಕೊನೆಯ ದಿನಗಳಲ್ಲಿ ನೀರಿದ್ದು, ಪಶ್ಚಿಮ ತಿಳಿಯಾಗಿದ್ದರೆ, ಮುಳುಗುವ ಸೂರ್ಯ ಆ ಒಂದು ಎಳೆಯನ್ನಷ್ಟೇ ಬೆಂಕಿಯ ಬಣ್ಣಕ್ಕೆ ತಿರುಗಿಸುತ್ತಾನೆ. ಛಾಯಾಗ್ರಾಹಕ ಗೇಲನ್ ರೊವೆಲ್ 1973ರಲ್ಲಿ ತೆಗೆದ ಬಣ್ಣದ ಚಿತ್ರದಿಂದ ಅದು ಜಗತ್ತಿಗೆ ಗೊತ್ತಾಯಿತು. ನೀವು ಹೋಗುವ ಜಾಗದಲ್ಲೂ ಬಿಸಿಲು ಬಂಡೆಯನ್ನು ಬಿಟ್ಟು ನೀರನ್ನಷ್ಟೇ ಮುಟ್ಟುವ ಹೊತ್ತು ಇರಬಹುದು. ಬೇರೆಯವರು ಹೊರಟ ಮೇಲೂ ನಿಂತು ನೋಡಿ.

ಬೆಳದಿಂಗಳಲ್ಲೂ ಕಾಮನಬಿಲ್ಲು ಬರುತ್ತಂತೆ. ನಿಜಾನಾ?

ನಿಜ. ವಿಕ್ಟೋರಿಯಾ ಜಲಪಾತ, ಅಮೆರಿಕದ ಕೆಂಟಕಿಯ ಕಂಬರ್ಲ್ಯಾಂಡ್ ಜಲಪಾತ ಇದಕ್ಕೇ ಹೆಸರಾಗಿವೆ. ಹುಣ್ಣಿಮೆಯ ಆಸುಪಾಸು, ಚಂದ್ರ ಬೆನ್ನ ಹಿಂದೆ ತಗ್ಗಿನಲ್ಲಿರಬೇಕು. ಬರಿಗಣ್ಣಿಗೆ ಬೂದು ಬಿಳುಪಿನ ಕಮಾನಷ್ಟೇ ಕಾಣುತ್ತದೆ, ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ. ಕ್ಯಾಮೆರಾಗೆ ತಿಳಿಯುತ್ತದೆ. ಟ್ರೈಪಾಡ್ ಮೇಲೆ ಎಫ್/2.8, ಐಎಸ್ಒ 1600, 10 ಸೆಕೆಂಡಿನಿಂದ ಶುರು ಮಾಡಿ, ಬಂದದ್ದನ್ನು ನೋಡಿ ಹೆಚ್ಚುಕಡಿಮೆ ಮಾಡಿ. ರಾತ್ರಿ ಒಳಗೆ ಬಿಡುವ ಜಾಗವಾದರೆ ಮಾತ್ರ ಹೋಗಿ.

ಎಡಿಟ್ ಮಾಡುವಾಗ ನೀರು ನೀಲಿಯಾಗಿ ಬರುತ್ತೆ. ಹಾಗೇ ಬಿಡಲಾ?

ನೆರಳಿನಲ್ಲಿರುವ ನೀರಿಗೆ ಆಕಾಶದ ನೀಲಿ ಬೆಳಕು ಬೀಳುತ್ತದೆ, ಅದಕ್ಕೇ ಆ ಬಣ್ಣ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಮೂಲ ಫೈಲ್) ಇದ್ದರೆ ವೈಟ್ ಬ್ಯಾಲೆನ್ಸನ್ನು ನಿಧಾನಕ್ಕೆ ಬೆಚ್ಚಗೆ, ಅಂದರೆ ಹಳದಿಯ ಕಡೆಗೆ, ಮಾಡಿ. ಪೂರ್ತಿ ತೆಗೆಯಬೇಡಿ, ತುಸು ನೀಲಿ ಉಳಿದರೆ ತಂಪು ಉಳಿಯುತ್ತದೆ. ಹೈಲೈಟ್, ಅಂದರೆ ತೀರಾ ಬೆಳ್ಳಗಿರುವ ಭಾಗದ ಹೊಳಪನ್ನು, ಇಳಿಸಿ ಎಳೆಗಳನ್ನು ಮರಳಿ ತನ್ನಿ. ಮಬ್ಬು ತೆಗೆಯುವ ಡಿಹೇಜ್ ಸ್ಲೈಡರ್ ಮಾತ್ರ ಜೋಪಾನ. ತಳದಿಂದ ಏಳುವ ಮಂಜನ್ನು ಅದು ಕೊಳಕು ಬೂದಿಯ ಬಣ್ಣಕ್ಕೆ ತಿರುಗಿಸುತ್ತದೆ, ಹಾಗಾಗಿ ಅದನ್ನು ಬಂಡೆ ಮತ್ತು ಕಾಡಿರುವ ಭಾಗಕ್ಕಷ್ಟೇ ಹಚ್ಚಿ.